ಟೆಕ್ಸಸ್‌ನಲ್ಲಿ ಟ್ರಾಫಿಕ್ ಟಿಕೆಟ್ ಬಂದರೆ: ಯಾವ ಕೋರ್ಟ್, ಎಷ್ಟು ದಿನ, ಕಟ್ಟುವ ಮುಂಚೆ ಏನೇನು ನೋಡಬೇಕು

ಪ್ಲೇನೋ, ಫ್ರಿಸ್ಕೊ, ಅರ್ವಿಂಗ್, ಆಸ್ಟಿನ್, ಹ್ಯೂಸ್ಟನ್ ಕಡೆಯ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಮೇಲಿಂದ ಮೇಲೆ ಬರುವ ಪ್ರಶ್ನೆ ಇದು: “ಸ್ಪೀಡಿಂಗ್ ಟಿಕೆಟ್ ಸಿಕ್ಕಿದೆ, ಎಲ್ಲಿ ಕಟ್ಟೋದು?” ಉತ್ತರವೂ ಅಷ್ಟೇ ಬೇಗ ಬರುತ್ತದೆ: “ಆನ್‌ಲೈನಲ್ಲಿ ಕಟ್ಟಿಬಿಡಿ, ಮುಗೀತು.” ದಯವಿಟ್ಟು ಹಾಗೆ ಮಾಡಬೇಡಿ. ಟೆಕ್ಸಸ್‌ನಲ್ಲಿ ಟಿಕೆಟ್ ಹಣ ಕಟ್ಟಿದಿರಿ ಎಂದರೆ ನಿಮ್ಮ ಮೇಲಿನ ಆರೋಪದ ವಿರುದ್ಧ ವಾದವಿಲ್ಲ ಎಂದು ಕೋರ್ಟಿಗೆ ಹೇಳಿದ ಹಾಗೆ. ಕೋರ್ಟ್ ನಿಮ್ಮನ್ನು ತಪ್ಪಿತಸ್ಥರೆಂದು ಬರೆದುಕೊಳ್ಳುತ್ತದೆ, ಆ ದಾಖಲೆ ನಿಮ್ಮ ಡ್ರೈವಿಂಗ್ ರೆಕಾರ್ಡಿಗೆ ಹೋಗುತ್ತದೆ, ಅಲ್ಲಿಂದ ಇನ್ಶುರೆನ್ಸ್ ಕಂಪನಿಯ ಕಣ್ಣಿಗೆ ಬೀಳುತ್ತದೆ. ಅದೇ ಟಿಕೆಟನ್ನು ರೆಕಾರ್ಡಿಗೆ ಹೋಗದ ಹಾಗೆ ಮುಗಿಸುವ ದಾರಿ ಕಾನೂನಿನಲ್ಲೇ ಇದೆ. ಆದರೆ ಕಟ್ಟಿದ ಮೇಲೆ ಆ ದಾರಿ ಬಹುಮಟ್ಟಿಗೆ ಮುಚ್ಚಿಹೋಗುತ್ತದೆ.

ನಮ್ಮವರು ಇಲ್ಲಿ ಎಡವುವುದಕ್ಕೆ ಕಾರಣವಿದೆ. ಬೆಂಗಳೂರಿನಲ್ಲಿ ದಂಡ ಬೀಳುವುದು ಗಾಡಿಯ ನಂಬರಿನ ಮೇಲೆ. ಆ್ಯಪ್‌ನಲ್ಲಿ ನಂಬರ್ ಹಾಕಿದರೆ ಬಾಕಿ ಕಾಣುತ್ತದೆ, ಕಟ್ಟಿದರೆ ಲೆಕ್ಕ ಚುಕ್ತಾ. ಕಟ್ಟದೆ ವರ್ಷಗಟ್ಟಲೆ ಬಿಟ್ಟವರಿಗೆ 2023ರ ಫೆಬ್ರವರಿಯಲ್ಲಿ ಸರ್ಕಾರ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟಿತು, 2025ರಲ್ಲೂ ಕೊಟ್ಟಿತು. ಟೆಕ್ಸಸ್‌ನಲ್ಲಿ ಪೊಲೀಸ್ ಅಧಿಕಾರಿ ನಿಲ್ಲಿಸಿ ಕೊಡುವ ಟಿಕೆಟ್ ಗಾಡಿಯದಲ್ಲ, ಓಡಿಸಿದವರ ಹೆಸರಿನಲ್ಲಿ ದಾಖಲಾಗುವ ಸಣ್ಣ ಕ್ರಿಮಿನಲ್ ಕೇಸು. ‘ಕ್ಲಾಸ್ ಸಿ ಮಿಸ್‌ಡಿಮೀನರ್’ ಎನ್ನುತ್ತಾರೆ. ಶಿಕ್ಷೆ ಬರೀ ದಂಡ, ಜೈಲಿಲ್ಲ. ಆದರೆ ಕರೆದಾಗ ಉತ್ತರ ಕೊಡದಿದ್ದರೆ ವಾರಂಟ್ ಹೊರಡಬಹುದು. ಕಾಯುತ್ತಾ ಕೂತರೆ ಕಡಿಮೆಯಾಗುವ ಬಾಬತ್ತು ಇದಲ್ಲ.

ಮೊದಲು ಟಿಕೆಟನ್ನೇ ಓದಿ

ಗಾಬರಿಯಲ್ಲಿ ಟಿಕೆಟನ್ನು ಮಡಚಿ ಕಾರಿನ ಡ್ಯಾಶ್‌ಬೋರ್ಡಿಗೆ ತುರುಕುವವರೇ ಹೆಚ್ಚು. ಈಗ ಬಹಳ ಕಡೆ ಅದು ಅಧಿಕಾರಿಯ ಕೈಯಲ್ಲಿನ ಪುಟ್ಟ ಪ್ರಿಂಟರಿನಿಂದ ಬರುವ ಉದ್ದನೆಯ ಚೀಟಿ, ಅಂಗಡಿಯ ಬಿಲ್ಲಿನಂಥ ಥರ್ಮಲ್ ಕಾಗದ. ಟೆಕ್ಸಸ್ ಬಿಸಿಲಿಗೆ ಕಾರಿನೊಳಗಿಟ್ಟರೆ ಅಕ್ಷರ ಅಳಿಸಿಹೋಗುತ್ತದೆ. ಮನೆಗೆ ಬಂದ ಕೂಡಲೇ ಮೇಲಿಂದ ಕೆಳಗಿನ ತನಕ ಫೋಟೋ ತೆಗೆದಿಟ್ಟುಕೊಳ್ಳಿ.

ಆಮೇಲೆ ಅದರಲ್ಲಿ ಐದು ಸಂಗತಿ ಹುಡುಕಿ. ಒಂದು, ಸೈಟೇಷನ್ ನಂಬರ್, ಅಂದರೆ ಟಿಕೆಟಿನ ನಂಬರ್. ಎರಡು, ನಿಮ್ಮ ಮೇಲೆ ಹಾಕಿರುವ ಆರೋಪ. ಸ್ಪೀಡಿಂಗ್ ಆದರೆ ಅಲ್ಲಿನ ಮಿತಿ ಎಷ್ಟು, ನೀವು ಹೋಗುತ್ತಿದ್ದುದು ಎಷ್ಟು ಎಂದು ಎರಡೂ ಅಂಕಿ ಇರುತ್ತವೆ. ಮೂರು, ಸ್ಕೂಲ್ ಝೋನ್ ಅಥವಾ ಕೆಲಸಗಾರರಿದ್ದ ರಸ್ತೆ ಕಾಮಗಾರಿ ಜಾಗ ಎಂದು ಗುರುತು ಹಾಕಿದ್ದಾರೆಯೇ. ನಾಲ್ಕು, ಕೋರ್ಟಿನ ಹೆಸರು, ವಿಳಾಸ, ಫೋನು. ಐದನೆಯದು ಎಲ್ಲಕ್ಕಿಂತ ಮುಖ್ಯ: ಯಾವ ತಾರೀಖಿನೊಳಗೆ ಕೋರ್ಟಿಗೆ ಉತ್ತರ ಕೊಡಬೇಕು ಎಂಬುದು. ಈ ತಾರೀಖು ಕೋರ್ಟಿನಿಂದ ಕೋರ್ಟಿಗೆ ಬದಲಾಗುತ್ತದೆ. ಗೆಳೆಯರ ಟಿಕೆಟಿನಲ್ಲಿ ಇದ್ದಷ್ಟೇ ದಿನ ನಿಮ್ಮದರಲ್ಲೂ ಇರುತ್ತದೆ ಎಂದುಕೊಳ್ಳಬೇಡಿ. ನೋಡಿದ ಕೂಡಲೇ ಫೋನಿನ ಕ್ಯಾಲೆಂಡರಿನಲ್ಲಿ ಹಾಕಿಕೊಳ್ಳಿ, ಒಂದು ವಾರ ಮುಂಚೆಯೇ ಎಚ್ಚರಿಸುವ ಹಾಗೆ.

ರಸ್ತೆ ಬದಿಯಲ್ಲಿ ಸಹಿ ಹಾಕಿದ್ದೇ ತಪ್ಪಾಯಿತು, ಒಪ್ಪಿಕೊಂಡಂತಾಯಿತು ಎಂದು ಕೊರಗುವವರಿದ್ದಾರೆ. ಹಾಗೇನಿಲ್ಲ. ಆ ಸಹಿಯ ಅರ್ಥ ಇಷ್ಟೇ: ಹೇಳಿದ ತಾರೀಖಿನೊಳಗೆ ಕೋರ್ಟಿಗೆ ಉತ್ತರ ಕೊಡುತ್ತೇನೆ. ತಪ್ಪು ಮಾಡಿದ್ದೀರೋ ಇಲ್ಲವೋ ಎಂಬ ಮಾತು ಕೋರ್ಟಿನಲ್ಲಿ ಆಡುವಂಥದ್ದು. ಅಧಿಕಾರಿಯ ಜೊತೆ ರಸ್ತೆಯಲ್ಲಿ ವಾದಿಸಿ ಪ್ರಯೋಜನವಿಲ್ಲ.

ಸಿಟಿ ಕೋರ್ಟೋ, ಕೌಂಟಿ ಕೋರ್ಟೋ

ಒಂದೇ ಹೆದ್ದಾರಿ, ಒಂದೇ ಸಂಜೆ, ಒಂದೇ ವೇಗ. ಆದರೂ ಇಬ್ಬರ ಟಿಕೆಟ್ ಎರಡು ಬೇರೆ ಕೋರ್ಟಿಗೆ ಹೋಗಬಹುದು. ನಿರ್ಧಾರವಾಗುವುದು ನಿಮ್ಮನ್ನು ನಿಲ್ಲಿಸಿದವರು ಯಾರು ಎಂಬುದರ ಮೇಲೆ. ಪ್ಲೇನೋ ಊರೊಳಗೆ ಹಾದುಹೋಗುವ ಯು.ಎಸ್. 75ರಲ್ಲಿ ಪ್ಲೇನೋ ಪೊಲೀಸರು ಹಿಡಿದರೆ ಕೇಸು ಪ್ಲೇನೋ ಮುನಿಸಿಪಲ್ ಕೋರ್ಟಿಗೆ. ಅದೇ ಜಾಗದಲ್ಲಿ ರಾಜ್ಯದ ಹೈವೇ ಪೆಟ್ರೋಲ್ ಹಿಡಿದರೆ ಕೌಂಟಿಯ ಜಸ್ಟಿಸ್ ಆಫ್ ದಿ ಪೀಸ್ ಕೋರ್ಟಿಗೆ, ಜನರ ಬಾಯಲ್ಲಿ ಜೆ.ಪಿ. ಕೋರ್ಟ್. ಕೌಂಟಿ ಶೆರಿಫ್ ಕಡೆಯ ಡೆಪ್ಯುಟಿ ಅಥವಾ ಕಾನ್‌ಸ್ಟೇಬಲ್ ಕೊಟ್ಟ ಟಿಕೆಟ್ ಕೂಡ ಜೆ.ಪಿ. ಕೋರ್ಟಿಗೇ. ನಮ್ಮ ಊರಿನ ಕಾನ್‌ಸ್ಟೇಬಲ್ ಬೇರೆ, ಇವರು ಬೇರೆ. ಟೆಕ್ಸಸ್‌ನಲ್ಲಿ ಕಾನ್‌ಸ್ಟೇಬಲ್ ಎಂದರೆ ಜನರು ಚುನಾಯಿಸಿದ ಕೌಂಟಿ ಅಧಿಕಾರಿ.

ಜೆ.ಪಿ. ಕೋರ್ಟಿನಲ್ಲಿ ಇನ್ನೊಂದು ತೊಡಕಿದೆ. ಟೆಕ್ಸಸ್‌ನಲ್ಲಿ 254 ಕೌಂಟಿಗಳಿವೆ, ಒಂದೊಂದರಲ್ಲೂ ಒಂದರಿಂದ ಎಂಟರವರೆಗೆ ಪ್ರಿಸಿಂಕ್ಟ್‌ಗಳು, ಅಂದರೆ ಕೌಂಟಿಯೊಳಗಿನ ವಿಭಾಗಗಳು. ಟಿಕೆಟ್ ಎಲ್ಲಿ ಸಿಕ್ಕಿತೋ ಆ ಪ್ರಿಸಿಂಕ್ಟಿನ ಕೋರ್ಟನ್ನೇ ಹಿಡಿಯಬೇಕು. ಕೆಲವು ಪ್ರಿಸಿಂಕ್ಟ್‌ಗಳಲ್ಲಿ ಒಂದಕ್ಕಿಂತ ಹೆಚ್ಚು ನ್ಯಾಯಾಧೀಶರಿರುತ್ತಾರೆ, ಆಗ ನಂಬರ್ ಪಕ್ಕ ‘ಪ್ಲೇಸ್ 1’, ‘ಪ್ಲೇಸ್ 2’ ಎಂದು ಬರುತ್ತದೆ. ಊರಿನ ಹೆಸರು ನೋಡಿ ಕೌಂಟಿ ಊಹಿಸುವುದೂ ಅಪಾಯ. ಡಾಲಸ್ ನಗರವೇ ಡಾಲಸ್, ಕಾಲಿನ್, ಡೆಂಟನ್ ಮೊದಲಾದ ಐದು ಕೌಂಟಿಗಳಲ್ಲಿ ಕೈಕಾಲು ಚಾಚಿಕೊಂಡಿದೆ. ಫ್ರಿಸ್ಕೊ ಅರ್ಧ ಕಾಲಿನ್‌ನಲ್ಲಿ, ಅರ್ಧ ಡೆಂಟನ್‌ನಲ್ಲಿ.

ಪಾರ್ಕಿಂಗ್ ಟಿಕೆಟ್ ಮತ್ತು ಟೋಲ್ ಬಿಲ್ಲು ಈ ಲೆಕ್ಕಕ್ಕೆ ಬರುವುದಿಲ್ಲ. ಪಾರ್ಕಿಂಗ್ ಬಹಳ ಕಡೆ ನಗರದ ಬೇರೆ ಕಚೇರಿಯ ಕೆಲಸ. ಟೋಲ್ ಬಾಕಿ ಇದ್ದರೆ ಮೊದಲು ಟೋಲ್ ಸಂಸ್ಥೆಯ ಹತ್ತಿರವೇ ಮುಗಿಸಿಕೊಳ್ಳಿ. ಅಲ್ಲಿ ಕಟ್ಟದೆ ಬಹಳ ದಿನ ಬಿಟ್ಟರೆ ಮಾತ್ರ ಅದು ಜೆ.ಪಿ. ಕೋರ್ಟಿನ ಬಾಗಿಲಿಗೆ ಬರುತ್ತದೆ. ಕುಡಿದು ಓಡಿಸಿದ ಕೇಸಂತೂ ಟಿಕೆಟ್ಟೇ ಅಲ್ಲ, ಅದು ಕೌಂಟಿಯ ಮೇಲಿನ ಕೋರ್ಟಿಗೆ ಹೋಗುವ ದೊಡ್ಡ ಕ್ರಿಮಿನಲ್ ಕೇಸು. ವೀಸಾದಲ್ಲಿರುವವರು ಆ ಸಂದರ್ಭದಲ್ಲಿ ಕ್ರಿಮಿನಲ್ ವಕೀಲರನ್ನೂ ಇಮಿಗ್ರೇಷನ್ ವಕೀಲರನ್ನೂ ಕೂಡಲೇ ಹಿಡಿಯಬೇಕು.

ಟಿಕೆಟ್ ಕಳೆದಿದ್ದರೆ, ಅಥವಾ ಆನ್‌ಲೈನಲ್ಲಿ ಕಾಣದಿದ್ದರೆ

ಬಹುತೇಕ ಕೋರ್ಟ್‌ಗಳ ವೆಬ್‌ಸೈಟಿನಲ್ಲಿ ಸೈಟೇಷನ್ ನಂಬರ್ ಹಾಕಿ ಹುಡುಕಬಹುದು. ನಂಬರ್ ಇಲ್ಲದಿದ್ದರೆ ಡ್ರೈವರ್ ಲೈಸೆನ್ಸ್ ನಂಬರ್, ಅಥವಾ ಹೆಸರು ಮತ್ತು ಹುಟ್ಟಿದ ತಾರೀಖು. ಟಿಕೆಟ್ ಕೊಟ್ಟ ಮರುದಿನವೇ ಹುಡುಕಿದರೆ ಸಿಗದಿರುವುದು ಸಹಜ. ಅಧಿಕಾರಿಯ ಕಡೆಯಿಂದ ಕೋರ್ಟಿನ ಕಂಪ್ಯೂಟರಿಗೆ ಬರಲು ಕೆಲವು ದಿನ, ಒಮ್ಮೊಮ್ಮೆ ಒಂದೆರಡು ವಾರವೂ ಹಿಡಿಯುತ್ತದೆ. ಕಾಣಲಿಲ್ಲ ಎಂದರೆ ರದ್ದಾಯಿತು ಎಂದಲ್ಲ. ಉತ್ತರ ಕೊಡುವ ತಾರೀಖು ಹತ್ತಿರವಾದರೂ ಕಾಣದಿದ್ದರೆ ಕ್ಲರ್ಕಿಗೆ ಫೋನ್ ಮಾಡಿ, ಮಾತಾಡಿದವರ ಹೆಸರು ಮತ್ತು ದಿನ ಬರೆದಿಟ್ಟುಕೊಳ್ಳಿ.

ಕನ್ನಡಿಗರಿಗೆ ಇಲ್ಲಿ ವಿಶೇಷವಾದ ತೊಂದರೆಯೊಂದಿದೆ: ಹೆಸರು. ಕೆಲವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗವೇ ಖಾಲಿ, ಇಡೀ ಹೆಸರು ಒಂದೇ ಕಡೆ. ಅಂಥವರ ಅಮೆರಿಕದ ದಾಖಲೆಗಳಲ್ಲಿ ಮೊದಲ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಎಂದು ಬಂದಿರುತ್ತದೆ. ಇನ್ನು ಕೆಲವರಿಗೆ ಊರಿನ ಹೆಸರೋ ಅಪ್ಪನ ಹೆಸರೋ ಕೊನೆಯ ಹೆಸರಾಗಿ ಕೂತಿರುತ್ತದೆ, ಮನೆಯವರೇ ಅದನ್ನು ಬಳಸುವುದಿಲ್ಲ. ಕೋರ್ಟಿನ ಕಂಪ್ಯೂಟರ್ ಹುಡುಕುವುದು ಲೈಸೆನ್ಸಿನಲ್ಲಿ ಹೇಗಿದೆಯೋ ಹಾಗೆ. ಉದ್ದನೆಯ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿ ನಮೂದಾಗಿರುವುದೂ ಉಂಟು. ಆದ್ದರಿಂದ ಹೆಸರಿನಿಂದ ಹುಡುಕಿ ಸಿಗದಿದ್ದರೆ ಅಲ್ಲಿಗೇ ಬಿಡಬೇಡಿ. ಮೊದಲು ಲೈಸೆನ್ಸ್ ನಂಬರಿನಿಂದ, ಆಮೇಲೆ ಹೆಸರನ್ನು ಹಿಂದುಮುಂದು ಮಾಡಿ ಹುಡುಕಿ. ಕ್ಲರ್ಕಿಗೆ ಫೋನ್ ಮಾಡಿದಾಗಲೂ ಹುಟ್ಟಿದ ತಾರೀಖಿನಿಂದ ಶುರುಮಾಡಿದರೆ ಬೇಗ ಸಿಗುತ್ತದೆ.

ಯಾವ ಕೋರ್ಟು ಎಂಬುದೇ ನೆನಪಿಲ್ಲದಿದ್ದರೆ ಹೀಗೆ ಮಾಡಿ. ಫೋನಿನ ಮ್ಯಾಪ್ ಇತಿಹಾಸದಲ್ಲಿ ಆ ದಿನ ನಿಂತ ಜಾಗ ನೋಡಿಕೊಳ್ಳಿ. ಆ ಜಾಗ ಯಾವ ನಗರದ ಮಿತಿಯೊಳಗಿದೆ ನೋಡಿ, ಮೊದಲು ಆ ನಗರದ ಮುನಿಸಿಪಲ್ ಕೋರ್ಟಿನಲ್ಲಿ ಹುಡುಕಿ. ಸಿಗದಿದ್ದರೆ ಆ ಕೌಂಟಿಯ ಜೆ.ಪಿ. ಕೋರ್ಟ್‌ಗಳಲ್ಲಿ. ಕೆಲವು ದೊಡ್ಡ ಕೌಂಟಿಗಳು ಎಲ್ಲಾ ಪ್ರಿಸಿಂಕ್ಟ್‌ಗಳನ್ನೂ ಒಟ್ಟಿಗೆ ಹುಡುಕುವ ಸೌಲಭ್ಯ ಕೊಟ್ಟಿವೆ. ಹಳೆಯ ಟಿಕೆಟ್ ಮರೆತುಹೋಗಿ ಲೈಸೆನ್ಸ್ ನವೀಕರಣಕ್ಕೆ ತಡೆ ಬಿದ್ದಿದ್ದರೆ ಟೆಕ್ಸಸ್‌ನ ‘ಫೇಲ್ಯರ್ ಟು ಅಪಿಯರ್’ (ಕೋರ್ಟಿಗೆ ಹಾಜರಾಗದವರ) ಆನ್‌ಲೈನ್ ವ್ಯವಸ್ಥೆಯಲ್ಲಿ ಲೈಸೆನ್ಸ್ ನಂಬರ್ ಮತ್ತು ಹುಟ್ಟಿದ ತಾರೀಖು ಹಾಕಿದರೆ ತಡೆ ಹಾಕಿರುವ ಕೋರ್ಟ್ ಯಾವುದೆಂದು ತಿಳಿಯುತ್ತದೆ.

ಮನೆ ಬದಲಿಸಿದ್ದೀರಾ? ಕೋರ್ಟಿನ ಕಾಗದ ಹೋಗುವುದು ಲೈಸೆನ್ಸಿನಲ್ಲಿರುವ ವಿಳಾಸಕ್ಕೆ. ಮನೆ ಬದಲಿಸಿದ 30 ದಿನದೊಳಗೆ ಲೈಸೆನ್ಸಿನ ವಿಳಾಸ ಬದಲಿಸಬೇಕೆಂಬುದು ಟೆಕ್ಸಸ್ ನಿಯಮ. ಅಪಾರ್ಟ್‌ಮೆಂಟಿನಿಂದ ಅಪಾರ್ಟ್‌ಮೆಂಟಿಗೆ ಹೋಗುತ್ತಿರುವ ಹೊಸಬರಲ್ಲಿ ಇದನ್ನು ಮಾಡುವವರು ಕಡಿಮೆ. ಎಷ್ಟೋ ವಾರಂಟುಗಳ ಮೂಲ ಹಳೆಯ ಮನೆಯ ಅಂಚೆಪೆಟ್ಟಿಗೆಯಲ್ಲೇ ಉಳಿದ ಕಾಗದ. ಟಿಕೆಟ್ ಸಿಕ್ಕ ಮೇಲೆ ಮನೆ ಬದಲಿಸಿದರೆ ಕೋರ್ಟಿಗೂ ಬೇರೆಯಾಗಿ ಹೊಸ ವಿಳಾಸ ಕೊಡಿ.

ಕಟ್ಟುವ ಮುಂಚೆ: ನಿಮ್ಮ ಮುಂದಿರುವ ದಾರಿಗಳು

ಕೋರ್ಟಿಗೆ ಮೂರು ರೀತಿಯಲ್ಲಿ ಉತ್ತರ ಕೊಡಬಹುದು: ತಪ್ಪಾಗಿದೆ, ತಪ್ಪು ಮಾಡಿಲ್ಲ, ಅಥವಾ ‘ನೋ ಕಾಂಟೆಸ್ಟ್’. ಈ ಮೂರನೆಯದು ತಪ್ಪೊಪ್ಪಿಗೆಯಲ್ಲ, ಆದರೆ ಆರೋಪವನ್ನು ಪ್ರಶ್ನಿಸುವುದೂ ಇಲ್ಲ. ದಂಡದ ವಿಚಾರದಲ್ಲಿ ಮೊದಲನೆಯದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಅಪಘಾತವಾಗಿದ್ದರೆ ಮಾತ್ರ ಇದು ಬಹಳ ಮುಖ್ಯ: ಎದುರಿನವರು ಆಮೇಲೆ ಪರಿಹಾರಕ್ಕೆ ಸಿವಿಲ್ ದಾವೆ ಹೂಡಿದರೆ ನಿಮ್ಮ ನೋ ಕಾಂಟೆಸ್ಟ್ ಉತ್ತರವನ್ನು ನಿಮ್ಮ ವಿರುದ್ಧ ಬಳಸುವಂತಿಲ್ಲ.

ಎಲ್ಲಕ್ಕಿಂತ ಮುಂಚೆ ನೋಡಬೇಕಾದದ್ದು ಸರಿಪಡಿಸಿದರೆ ರದ್ದಾಗುವ ಟಿಕೆಟ್ಟೇ ಎಂದು. ಇನ್ಶುರೆನ್ಸ್ ಇತ್ತು, ಕಾರ್ಡ್ ಜೊತೆಗಿರಲಿಲ್ಲ ಅಷ್ಟೇ ಎಂದಾದರೆ, ಆ ದಿನ ಪಾಲಿಸಿ ಚಾಲ್ತಿಯಲ್ಲಿತ್ತು ಎಂಬ ದಾಖಲೆ ತೋರಿಸಿದರೆ ಕೇಸು ವಜಾ. ಇದನ್ನು ತಿಳಿಯದೆ ಪೂರ್ತಿ ಹಣ ಕಟ್ಟಿದರೆ ಹೊಟ್ಟೆ ಉರಿಯುವ ನಷ್ಟ, ಏಕೆಂದರೆ ಇನ್ಶುರೆನ್ಸ್ ಇಲ್ಲದ ಮೊದಲ ತಪ್ಪಿಗೇ ದಂಡ 175ರಿಂದ 350 ಡಾಲರ್. ಗಾಡಿಯ ರಿಜಿಸ್ಟ್ರೇಷನ್ ಅಥವಾ ನಿಮ್ಮ ಲೈಸೆನ್ಸಿನ ಅವಧಿ ಮುಗಿದಿದ್ದಕ್ಕೆ ಟಿಕೆಟ್ ಬಂದಿದ್ದರೆ ತಡಮಾಡದೆ, 20 ಕೆಲಸದ ದಿನಗಳೊಳಗೆ, ನವೀಕರಿಸಿ ರಸೀದಿ ತೋರಿಸಿ. ನ್ಯಾಯಾಧೀಶರು 20 ಡಾಲರ್ ಮೀರದ ಶುಲ್ಕಕ್ಕೆ ಮುಗಿಸಬಹುದು.

ಸ್ಪೀಡಿಂಗ್, ಸಿಗ್ನಲ್ ದಾಟಿದ್ದು, ಸ್ಟಾಪ್ ಬೋರ್ಡಿನಲ್ಲಿ ನಿಲ್ಲದಿದ್ದುದು ಇಂಥವಕ್ಕೆ ಅತ್ಯುತ್ತಮ ದಾರಿ ಡ್ರೈವಿಂಗ್ ಸೇಫ್ಟಿ ಕೋರ್ಸ್. ಜನ ಡಿಫೆನ್ಸಿವ್ ಡ್ರೈವಿಂಗ್ ಎನ್ನುತ್ತಾರೆ. ಕೋರ್ಸ್ ಮುಗಿಸಿ ಪ್ರಮಾಣಪತ್ರ ಕೊಟ್ಟರೆ ಕೇಸು ವಜಾ, ರೆಕಾರ್ಡಿನಲ್ಲಿ ಶಿಕ್ಷೆ ಬರುವುದಿಲ್ಲ. ಷರತ್ತುಗಳಿಗೆ ನೀವು ಒಳಪಟ್ಟರೆ ನ್ಯಾಯಾಧೀಶರು ಇಲ್ಲವೆನ್ನುವಂತಿಲ್ಲ. ಅದಕ್ಕೇ ಷರತ್ತುಗಳನ್ನು ಸರಿಯಾಗಿ ತಿಳಿದಿರಬೇಕು:

- ಟಿಕೆಟಿನಲ್ಲಿರುವ ತಾರೀಖಿನೊಳಗೇ ಕೋರ್ಟನ್ನು ಕೇಳಿರಬೇಕು. ಒಂದು ದಿನ ತಡವಾದರೂ ಹಕ್ಕು ಹೋಗುತ್ತದೆ, ಆಮೇಲೆ ಎಲ್ಲವೂ ನ್ಯಾಯಾಧೀಶರ ಮರ್ಜಿ.
- ಟೆಕ್ಸಸ್‌ನದೇ ಚಾಲ್ತಿ ಲೈಸೆನ್ಸ್ ಇರಬೇಕು (ಸೇನೆಯಲ್ಲಿರುವವರಿಗೆ ವಿನಾಯಿತಿ ಇದೆ). ಕಮರ್ಷಿಯಲ್ ಲೈಸೆನ್ಸ್ ಇರುವವರಿಗೆ ಈ ದಾರಿ ಇಲ್ಲ.
- ಟಿಕೆಟ್ ಸಿಕ್ಕ ದಿನದಿಂದ ಹಿಂದಿನ 12 ತಿಂಗಳಲ್ಲಿ ಬೇರೆ ಟಿಕೆಟ್ಟಿಗಾಗಿ ಈ ಕೋರ್ಸ್ ಮಾಡಿರಬಾರದು.
- ಮಿತಿಗಿಂತ 25 ಮೈಲಿ ಅಥವಾ ಹೆಚ್ಚು ವೇಗದಲ್ಲಿ ಹೋಗಿರಬಾರದು, 95 ಮೈಲಿ ಮುಟ್ಟಿರಬಾರದು.
- ಕೆಲಸಗಾರರಿದ್ದ ಕಾಮಗಾರಿ ಜಾಗದಲ್ಲಿ ಮಾಡಿದ ತಪ್ಪಾಗಿರಬಾರದು. ಮಕ್ಕಳನ್ನು ಇಳಿಸುತ್ತಿರುವ ಸ್ಕೂಲ್ ಬಸ್ಸನ್ನು ದಾಟಿದ ಕೇಸಿಗೂ ಇದು ಸಲ್ಲದು.
- ಚಾಲ್ತಿ ಇನ್ಶುರೆನ್ಸ್ ತೋರಿಸಬೇಕು.

ಅನುಕ್ರಮ ತಪ್ಪಬಾರದು. ಮೊದಲು ಕೋರ್ಟಿಗೆ ಅರ್ಜಿ: ನೋ ಕಾಂಟೆಸ್ಟ್ ಅಥವಾ ತಪ್ಪೊಪ್ಪಿಗೆ ಸಹಿಯೊಂದಿಗೆ ಕೋರ್ಸ್‌ಗೆ ಅನುಮತಿ ಕೇಳುವ ಫಾರಂ, ಲೈಸೆನ್ಸ್ ಮತ್ತು ಇನ್ಶುರೆನ್ಸ್ ಪ್ರತಿ, ಕೋರ್ಟ್ ವೆಚ್ಚ. ಈ ವೆಚ್ಚ ಬಹಳ ಕೋರ್ಟುಗಳಲ್ಲಿ 150 ಡಾಲರಿನ ಆಸುಪಾಸು, ಸ್ಕೂಲ್ ಝೋನ್ ಆದರೆ ಇನ್ನೂ 25 ಡಾಲರ್ ತನಕ ಹೆಚ್ಚು. ಅನುಮತಿ ಬಂದ ಮೇಲೆ 90 ದಿನ ಸಿಗುತ್ತದೆ. ಅಷ್ಟರಲ್ಲಿ ರಾಜ್ಯದ ಪರವಾನಗಿ ಇರುವ ಸಂಸ್ಥೆಯಲ್ಲಿ ಆರು ಗಂಟೆಯ ಕೋರ್ಸ್ ಮುಗಿಸಬೇಕು. ಆನ್‌ಲೈನಲ್ಲೇ ಆಗುತ್ತದೆ, ರಾತ್ರಿ ಮಕ್ಕಳು ಮಲಗಿದ ಮೇಲೆ ತುಂಡುತುಂಡಾಗಿ ಮುಗಿಸಿದವರೂ ಇದ್ದಾರೆ. ಶುಲ್ಕ 25 ಡಾಲರಿನಿಂದ ಶುರು. ಜೊತೆಗೆ ಲೈಸೆನ್ಸ್ ಕೊಡುವ ರಾಜ್ಯದ ಇಲಾಖೆ ಡಿ.ಪಿ.ಎಸ್. ವೆಬ್‌ಸೈಟಿನಿಂದ ‘ಟೈಪ್ 3ಎ’ ಡ್ರೈವಿಂಗ್ ರೆಕಾರ್ಡ್ ತರಿಸಿಕೊಳ್ಳಬೇಕು, ಹತ್ತು ಹನ್ನೆರಡು ಡಾಲರ್. ಇಲ್ಲೇ ಜನ ತಪ್ಪುವುದು: ಬೇರೆ ಟೈಪಿನ ರೆಕಾರ್ಡ್ ತರಿಸುತ್ತಾರೆ, ಕೋರ್ಟ್ ತೆಗೆದುಕೊಳ್ಳುವುದಿಲ್ಲ. ಪ್ರಮಾಣಪತ್ರದಲ್ಲಿ ಕೋರ್ಟಿನ ಪ್ರತಿ ಒಂದು, ಇನ್ಶುರೆನ್ಸಿನ ಪ್ರತಿ ಒಂದು ಇರುತ್ತದೆ. ಕೋರ್ಟಿನದನ್ನು, ರೆಕಾರ್ಡನ್ನು 90 ದಿನದೊಳಗೆ ತಲುಪಿಸಿ. ಇನ್ಶುರೆನ್ಸಿನದನ್ನು ಕಂಪನಿಗೆ ಕಳಿಸಿ ಕೇಳಿ ನೋಡಿ, ಕೆಲವು ಕಂಪನಿಗಳು ಪ್ರೀಮಿಯಂನಲ್ಲಿ ಸ್ವಲ್ಪ ಕಡಿಮೆ ಮಾಡುತ್ತವೆ.

ಕೋರ್ಸ್‌ಗೆ ಅರ್ಹತೆ ಇಲ್ಲದಿದ್ದರೆ ಎರಡನೆಯ ದಾರಿ ‘ಡಿಫರ್ಡ್ ಡಿಸ್ಪೊಸಿಷನ್’. ಇದು ಹಕ್ಕಲ್ಲ, ನ್ಯಾಯಾಧೀಶರ ವಿವೇಚನೆ. ಅವರು ಹೇಳಿದ ಅವಧಿ, ಗರಿಷ್ಠ 180 ದಿನ, ಹೊಸ ಟಿಕೆಟ್ ಇಲ್ಲದೆ ಕಳೆದರೆ ಕೇಸು ವಜಾ. ಖರ್ಚು ಕೋರ್ಸಿಗಿಂತ ಹೆಚ್ಚು. 25 ವರ್ಷದೊಳಗಿನವರಿಗೆ ಇದರ ಜೊತೆಗೆ ಕೋರ್ಸ್ ಕೂಡ ಮಾಡಿಸುತ್ತಾರೆ. ಕಳೆದ ವರ್ಷ ಕೋರ್ಸ್ ಮಾಡಿ ಮುಗಿಸಿದವರು, ಟೆಕ್ಸಸ್ ಲೈಸೆನ್ಸ್ ಇನ್ನೂ ಆಗದೆ ಭಾರತದ ಲೈಸೆನ್ಸಿನಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದವರು, ಬೇರೆ ರಾಜ್ಯದ ಲೈಸೆನ್ಸಿನವರು ಇದನ್ನು ಕೇಳಿ ನೋಡಬೇಕು. ಆ ಆರು ತಿಂಗಳು ಮಾತ್ರ ಕಟ್ಟುನಿಟ್ಟು: ನಡುವೆ ಇನ್ನೊಂದು ಟಿಕೆಟ್ ಬಿದ್ದರೆ ಹಳೆಯದರ ಶಿಕ್ಷೆಯೂ ಬಂದು ಕೂರುತ್ತದೆ.

ತಪ್ಪು ಮಾಡಿಲ್ಲ ಎಂದು ಖಚಿತವಾಗಿದ್ದರೆ ಹಾಗೆಯೇ ಹೇಳಿ. ಟೆಕ್ಸಸ್‌ನಲ್ಲಿ ಇಷ್ಟು ಸಣ್ಣ ಕೇಸಿಗೂ ಆರು ಜನರ ಜ್ಯೂರಿಯ ಮುಂದೆ ವಿಚಾರಣೆ ಕೇಳುವ ಹಕ್ಕಿದೆ. ವಿಚಾರಣೆಗೆ ಮೊದಲು ಪ್ರಾಸಿಕ್ಯೂಟರ್ (ಸರ್ಕಾರದ ಪರ ವಕೀಲರು) ಜೊತೆ ಮಾತುಕತೆಗೆ ಅವಕಾಶವಿರುತ್ತದೆ, ಬಹಳಷ್ಟು ಕೇಸುಗಳು ಅಲ್ಲೇ ಒಂದು ನೆಲೆಗೆ ಬರುತ್ತವೆ. ಟಿಕೆಟ್ ಸಾರ್ವಜನಿಕ ದಾಖಲೆಯಾದ್ದರಿಂದ ವಾರದೊಳಗೆ ವಕೀಲರ ಜಾಹೀರಾತು ಕಾಗದಗಳು ಮನೆಗೆ ಬಂದು ಬೀಳುತ್ತವೆ. ಅವು ಕೋರ್ಟಿನ ಕಾಗದಗಳಲ್ಲ, ಹೆದರಬೇಡಿ. ನನ್ನ ಅಭಿಪ್ರಾಯದಲ್ಲಿ ಮೊದಲ ಸಲದ ಸಾಧಾರಣ ಸ್ಪೀಡಿಂಗ್‌ಗೆ ವಕೀಲರ ಅಗತ್ಯವಿಲ್ಲ, ಕೋರ್ಸ್ ಸಾಕು. ಅಪಘಾತದಲ್ಲಿ ಯಾರಿಗಾದರೂ ಪೆಟ್ಟಾಗಿದ್ದರೆ, ಕಮರ್ಷಿಯಲ್ ಲೈಸೆನ್ಸ್ ಇದ್ದರೆ, ಈಗಾಗಲೇ ರೆಕಾರ್ಡಿನಲ್ಲಿ ಒಂದೆರಡು ಕೂತಿದ್ದರೆ ಮಾತ್ರ ದುಡ್ಡು ಕೊಟ್ಟು ಸಲಹೆ ತೆಗೆದುಕೊಳ್ಳಿ.

ಮನೆಯಲ್ಲಿ ಹದಿಹರೆಯದ ಮಕ್ಕಳು ಗಾಡಿ ಓಡಿಸುತ್ತಿದ್ದರೆ ಇದನ್ನು ಗಮನಿಸಿ. 17 ತುಂಬದವರ ಟಿಕೆಟನ್ನು ಅಪ್ಪ ಅಮ್ಮ ಆನ್‌ಲೈನಲ್ಲಿ ಕಟ್ಟಿ ಮುಗಿಸುವಂತಿಲ್ಲ. ಮಗ ಅಥವಾ ಮಗಳು ಹೆತ್ತವರ ಜೊತೆ ನ್ಯಾಯಾಧೀಶರ ಮುಂದೆ ಖುದ್ದಾಗಿ ನಿಲ್ಲಬೇಕು. ಇಂಗ್ಲಿಷ್ ಸರಿಯಾಗಿ ಬಾರದ ಹಿರಿಯರ ಹೆಸರಿನಲ್ಲಿ ಕೇಸಿದ್ದರೆ ಕನ್ನಡ ದುಭಾಷಿ ಬೇಕೆಂದು ಮುಂಚೆಯೇ ಬರೆದು ಕೇಳಬಹುದು. ಅದು ಅವರ ಹಕ್ಕು, ಸಂಕೋಚ ಬೇಡ.

ಹಣ ಕಟ್ಟುವುದು

ಯಾವ ದಾರಿ ಹಿಡಿದರೂ ಸ್ವಲ್ಪ ಹಣ ಕಟ್ಟಬೇಕಾಗುತ್ತದೆ. ಸಾಮಾನ್ಯ ಚಾಲನಾ ತಪ್ಪಿಗೆ ದಂಡದ ಮಿತಿ 200 ಡಾಲರ್, ಕೋರ್ಟ್ ವೆಚ್ಚ ಅದರ ಮೇಲೆ ಬೇರೆ. ಕೆಲಸಗಾರರಿದ್ದ ಕಾಮಗಾರಿ ಜಾಗದಲ್ಲಾದರೆ ದಂಡ ದುಪ್ಪಟ್ಟು. ಎಷ್ಟು ಎಂಬುದು ಕೋರ್ಟಿನ ವೆಬ್‌ಸೈಟಿನ ಪಟ್ಟಿಯಲ್ಲಿರುತ್ತದೆ, ಅಥವಾ ಕ್ಲರ್ಕ್ ಹೇಳುತ್ತಾರೆ.

ವೆಬ್‌ಸೈಟನ್ನು ಹುಡುಕುವಾಗ ಎಚ್ಚರ. ಸರ್ಚ್ ಫಲಿತಾಂಶದ ಮೇಲ್ಗಡೆ ಜಾಹೀರಾತಾಗಿ ಬರುವ ‘ಟಿಕೆಟ್ ಕಟ್ಟಿ’ ತಾಣಗಳನ್ನು ಬಿಟ್ಟು, ಟಿಕೆಟಿನಲ್ಲೇ ಮುದ್ರಿಸಿರುವ ವಿಳಾಸವನ್ನು ಟೈಪ್ ಮಾಡಿ. ಅದಿಲ್ಲದಿದ್ದರೆ ನಗರದ ಅಥವಾ ಕೌಂಟಿಯ ಅಧಿಕೃತ ತಾಣಕ್ಕೆ ಹೋಗಿ ಅಲ್ಲಿಂದ ಕೋರ್ಟಿನ ಪುಟಕ್ಕೆ ಹೋಗಿ. ಕೆಲವು ಕೋರ್ಟುಗಳು ಹಣ ಪಡೆಯಲು ಖಾಸಗಿ ಕಂಪನಿಗಳನ್ನು ಇಟ್ಟುಕೊಂಡಿರುವುದರಿಂದ ಕೊನೆಯ ಪುಟ ಬೇರೆ ಹೆಸರಿನಲ್ಲಿರಬಹುದು, ಕಾರ್ಡಿಗೆ ಮೇಲುಶುಲ್ಕವೂ ಬೀಳುತ್ತದೆ. ಕೋರ್ಟಿನ ಪುಟದಿಂದಲೇ ಅಲ್ಲಿಗೆ ಬಂದಿದ್ದರೆ ತೊಂದರೆಯಿಲ್ಲ. ಫೋನಿಗೆ ಮೆಸೇಜಿನಲ್ಲಿ ಬರುವ “ನಿಮ್ಮ ಟ್ರಾಫಿಕ್ ದಂಡ ಬಾಕಿ, ಇವತ್ತೇ ಕಟ್ಟಿ” ಎಂಬ ಲಿಂಕನ್ನು ಮುಟ್ಟಲೇಬೇಡಿ. ಟೋಲ್ ಬಾಕಿ ಹೆಸರಿನ ಇಂಥ ಮೋಸದ ಬಗ್ಗೆ ಎಫ್.ಬಿ.ಐ. 2024ರಲ್ಲೇ ಎಚ್ಚರಿಸಿತ್ತು. ಕೆಂಪು ದೀಪದ ಕ್ಯಾಮೆರಾ ಹಿಡಿದಿದೆ ಎಂದು ಬಂದರಂತೂ ಇನ್ನೂ ಅನುಮಾನಪಡಿ. ಆ ಕ್ಯಾಮೆರಾ ಟಿಕೆಟುಗಳನ್ನು ಟೆಕ್ಸಸ್ 2019ರಲ್ಲೇ ನಿಷೇಧಿಸಿದೆ.

ಅಂಚೆಯಲ್ಲಿ ಕಳಿಸುವುದಾದರೆ ಮನಿ ಆರ್ಡರ್ ಅಥವಾ ಕ್ಯಾಷಿಯರ್ಸ್ ಚೆಕ್, ಅದರ ಮೇಲೆ ಸೈಟೇಷನ್ ನಂಬರ್. ನಗದು ಹಾಕಬೇಡಿ. ಉತ್ತರ ಕೊಡದೆ ಬರೀ ಚೆಕ್ ಕಳಿಸಿದರೂ ನೋ ಕಾಂಟೆಸ್ಟ್ ಎಂದೇ ಲೆಕ್ಕ, ಶಿಕ್ಷೆ ದಾಖಲಾಗುತ್ತದೆ. ಕೋರ್ಸ್‌ಗೆಂದು ಕಳಿಸುವ ಹಣವಾದರೆ ಅರ್ಜಿಯನ್ನು ಜೊತೆಗೇ ಇಡಿ.

ಕೈಯಲ್ಲಿ ಹಣವಿಲ್ಲದಿದ್ದರೆ ಓಡಿಹೋಗಬೇಡಿ, ಕೋರ್ಟಿಗೇ ಹೋಗಿ. ಅಸಿಸ್ಟೆಂಟ್‌ಶಿಪ್‌ನಲ್ಲಿ ದಿನ ದೂಡುವ ವಿದ್ಯಾರ್ಥಿಗಳಿಗೆ, ಕೆಲಸ ಹೋಗಿ ಮನೆಯಲ್ಲಿ ಕೂತವರಿಗೆ ಈ ಮಾತು. ದಂಡ ಕಟ್ಟಲಾಗದ ಬಡವರನ್ನು ಅದೇ ಕಾರಣಕ್ಕೆ ಜೈಲಿಗೆ ಹಾಕುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1971ರಲ್ಲಿ ತೀರ್ಪು ಕೊಟ್ಟದ್ದು ಹ್ಯೂಸ್ಟನ್ನಿನ ಟ್ರಾಫಿಕ್ ದಂಡದ ಕೇಸಿನಲ್ಲೇ, ಟೇಟ್ ವರ್ಸಸ್ ಶಾರ್ಟ್. ಒಟ್ಟು 425 ಡಾಲರ್ ದಂಡ ಕಟ್ಟಲಾಗದ ಮನುಷ್ಯನೊಬ್ಬನನ್ನು ಒಳಗೆ ಹಾಕಿದ್ದರು. ಈಗ ನ್ಯಾಯಾಧೀಶರು ಕಂತು ಕೊಡಬಹುದು, ದಂಡ ಕಡಿಮೆ ಮಾಡಬಹುದು, ಪೂರ್ತಿ ಮನ್ನಾ ಮಾಡಬಹುದು, ಸಮುದಾಯ ಸೇವೆ ಹೇಳಬಹುದು; ಎಂಟು ಗಂಟೆ ಸೇವೆಗೆ ಕನಿಷ್ಠ 100 ಡಾಲರ್ ವಜಾ. ಆದಾಯದ ಕಾಗದಗಳನ್ನು ಹಿಡಿದುಕೊಂಡು ಹೋಗಿ ಕೇಳಬೇಕು, ಅಷ್ಟೇ.

ತಾರೀಖು ಮೀರಿಹೋಗಿದ್ದರೆ

ಹಾಜರಾಗದಿದ್ದುದಕ್ಕೇ ಇನ್ನೊಂದು ಕೇಸು ಸೇರಿಕೊಳ್ಳಬಹುದು, ವಾರಂಟ್ ಹೊರಡಬಹುದು, ಲೈಸೆನ್ಸ್ ನವೀಕರಣಕ್ಕೆ ತಡೆ ಬೀಳಬಹುದು, ಕೆಲವು ಕೌಂಟಿಗಳಲ್ಲಿ ಗಾಡಿಯ ರಿಜಿಸ್ಟ್ರೇಷನ್ನಿಗೂ ತಡೆ. ಫೆಬ್ರವರಿ, ಮಾರ್ಚ್ ಹೊತ್ತಿಗೆ ‘ಗ್ರೇಟ್ ಟೆಕ್ಸಸ್ ವಾರಂಟ್ ರೌಂಡಪ್’ ಎಂದು ನೂರಾರು ಊರುಗಳ ಪೊಲೀಸರು ಒಟ್ಟಾಗಿ ಹಳೆಯ ವಾರಂಟುಗಳ ಬೆನ್ನು ಹತ್ತುತ್ತಾರೆ. ಮನೆಗೂ ಬರುತ್ತಾರೆ, ಆಫೀಸಿಗೂ ಬರುತ್ತಾರೆ.

ಇಷ್ಟು ಕೇಳಿ ಹೆದರಿ ಅಡಗಿಕೊಳ್ಳುವವರಿಗೆ ಒಂದು ಮಾತು. ವಾರಂಟ್ ಜಾರಿಯಾಗುವ ಮೊದಲು ನೀವಾಗಿಯೇ ಕೋರ್ಟಿಗೆ ಹೋಗಿ ಬಗೆಹರಿಸಿಕೊಳ್ಳಲು ಪ್ರಾಮಾಣಿಕವಾಗಿ ಮುಂದಾದರೆ, ಹಾಜರಾಗದ್ದಕ್ಕೆ ಹೊರಡಿಸಿದ ವಾರಂಟನ್ನು ನ್ಯಾಯಾಧೀಶರು ಹಿಂಪಡೆಯಬೇಕು. ಇದು ಟೆಕ್ಸಸ್ ಕಾನೂನಿನಲ್ಲೇ ಇದೆ. ಮೊದಲು ಕ್ಲರ್ಕಿಗೆ ಫೋನ್ ಮಾಡಿ ನೇರವಾಗಿ ಬಂದು ನ್ಯಾಯಾಧೀಶರನ್ನು ಕಾಣುವ ದಿನಗಳು ಯಾವುವು ಕೇಳಿ, ಆ ದಿನ ಬೆಳಿಗ್ಗೆಯೇ ಹೋಗಿ. ರಸ್ತೆಯಲ್ಲಿ ಇನ್ನೊಬ್ಬ ಅಧಿಕಾರಿ ನಿಲ್ಲಿಸಿ ವಾರಂಟ್ ಕಂಡುಹಿಡಿಯುವ ತನಕ ಬಿಡುವುದಕ್ಕಿಂತ ಇದು ಸಾವಿರ ಪಾಲು ವಾಸಿ.

ಬೇರೆ ರಾಜ್ಯದಲ್ಲಿ ಸಿಕ್ಕ ಟಿಕೆಟ್

ರಜೆಗೆ ಹೋದಾಗ ಸಿಕ್ಕಿದ್ದನ್ನು ಅಲ್ಲೇ ಬಿಟ್ಟು ಬರಲಾಗುವುದಿಲ್ಲ. ಬಹುತೇಕ ರಾಜ್ಯಗಳ ನಡುವೆ ಒಪ್ಪಂದವಿದೆ. ಅಲ್ಲಿ ಉತ್ತರ ಕೊಡದಿದ್ದರೆ ಇಲ್ಲಿನ ಲೈಸೆನ್ಸಿಗೆ ಕುತ್ತು. ಕೋರ್ಟಿನ ಹೆಸರು ಮಾತ್ರ ಬೇರೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ನಗರದ ಕೋರ್ಟುಗಳಿಲ್ಲ, ಯಾರು ಹಿಡಿದರೂ ಕೌಂಟಿಯ ಸುಪೀರಿಯರ್ ಕೋರ್ಟ್. ಅಲ್ಲಿ ‘ನಾನು ತಪ್ಪು ಮಾಡಿಲ್ಲ’ ಎಂಬುದನ್ನು ಬರವಣಿಗೆಯಲ್ಲೇ ಕಳಿಸಿ ವಿಚಾರಣೆ ಕೇಳಬಹುದು, ದೂರದಲ್ಲಿರುವವರಿಗೆ ದೊಡ್ಡ ಅನುಕೂಲ. ನ್ಯೂಜೆರ್ಸಿಯಲ್ಲಿ ಮುನಿಸಿಪಲ್ ಕೋರ್ಟುಗಳಿಗೆಲ್ಲ ಸೇರಿ ರಾಜ್ಯದ ಒಂದೇ ಪಾವತಿ ತಾಣವಿದೆ. ನ್ಯೂಯಾರ್ಕ್ ನಗರದಲ್ಲಿ ಓಡಿಸುವಾಗಿನ ಟಿಕೆಟುಗಳನ್ನು ನೋಡುವುದು ಕೋರ್ಟಲ್ಲ, ಮೋಟಾರು ಇಲಾಖೆಯ ಟ್ರಾಫಿಕ್ ವಯೊಲೇಷನ್ಸ್ ಬ್ಯೂರೊ.

ಎರಡು ರಾಜ್ಯಗಳಲ್ಲಿ ವಿಶೇಷ ಎಚ್ಚರ ಬೇಕು. ಜಾರ್ಜಿಯಾದಲ್ಲಿ ಎರಡು ಪಥದ ರಸ್ತೆಯಲ್ಲಿ 75 ಅಥವಾ ಯಾವುದೇ ರಸ್ತೆಯಲ್ಲಿ 85 ಮೈಲಿ ಮುಟ್ಟಿದ್ದರೆ ಕೋರ್ಟಿನ ದಂಡ ಕಟ್ಟಿದ ಮೇಲೆ ರಾಜ್ಯದಿಂದ ಇನ್ನೂ 200 ಡಾಲರಿನ ‘ಸೂಪರ್ ಸ್ಪೀಡರ್’ ನೋಟಿಸ್ ಬೇರೆಯಾಗಿ ಬರುತ್ತದೆ. ಆಗಲೇ ಕಟ್ಟಿಯಾಗಿದೆ ಎಂದು ಅದನ್ನು ಕಸಕ್ಕೆ ಹಾಕಿದರೆ ಅಲ್ಲಿ ಗಾಡಿ ಓಡಿಸುವ ಹಕ್ಕು ಹೋಗುತ್ತದೆ. ವರ್ಜೀನಿಯಾದಲ್ಲಿ ಮಿತಿಗಿಂತ 20 ಮೈಲಿ ಹೆಚ್ಚು, ಅಥವಾ 85 ಮೈಲಿ ಮೀರಿದರೆ ಅದು ಸ್ಪೀಡಿಂಗ್ ಅಲ್ಲ, ‘ರೆಕ್‌ಲೆಸ್ ಡ್ರೈವಿಂಗ್’, ಜೈಲಿಗೂ ಅವಕಾಶವಿರುವ ಕ್ರಿಮಿನಲ್ ಕೇಸು. ಅದನ್ನು ಆನ್‌ಲೈನಲ್ಲಿ ಕಟ್ಟಿ ಮುಗಿಸಲಾಗದು, ಅಲ್ಲಿನ ವಕೀಲರನ್ನು ಹಿಡಿಯಿರಿ.

ಮುಗಿದ ಮೇಲೆ ಇಟ್ಟುಕೊಳ್ಳಬೇಕಾದ ಕಾಗದ

ಹಣ ಕಟ್ಟಿದ ಅಥವಾ ಪ್ರಮಾಣಪತ್ರ ಕೊಟ್ಟ ಕೆಲವು ವಾರದ ನಂತರ ಕೋರ್ಟಿನ ತಾಣದಲ್ಲಿ ಕೇಸು ಮುಕ್ತಾಯ ಎಂದು ತೋರಿಸುತ್ತಿದೆಯೇ ನೋಡಿ. ತಡೆ ಬಿದ್ದಿದ್ದವರು ಡಿ.ಪಿ.ಎಸ್. ತಾಣದಲ್ಲಿ ಲೈಸೆನ್ಸ್ ಸ್ಥಿತಿಯನ್ನೂ ನೋಡಬೇಕು. ಕೋರ್ಟಿನಿಂದ ಅಲ್ಲಿಗೆ ಮಾಹಿತಿ ತಲುಪಲು ಒಂದಷ್ಟು ದಿನ ಹಿಡಿಯುತ್ತದೆ. ಪೌರತ್ವದ ಅರ್ಜಿಗೆ ಕೂರುವಾಗ ಹಳೆಯ ಸೈಟೇಷನ್‌ಗಳ ಪ್ರಶ್ನೆ ಎದುರಾಗುತ್ತದೆ. ಬಂಧನವಿಲ್ಲದ, 500 ಡಾಲರಿಗಿಂತ ಕಡಿಮೆ ದಂಡದ ಟ್ರಾಫಿಕ್ ಕೇಸಿಗೆ, ಮದ್ಯ ಅಥವಾ ಮಾದಕ ವಸ್ತುವಿನ ಸಂಬಂಧ ಇಲ್ಲದಿದ್ದರೆ, ದಾಖಲೆ ಲಗತ್ತಿಸಬೇಕಾಗಿಲ್ಲ ಎಂದು ಅರ್ಜಿಯ ಸೂಚನೆಗಳಲ್ಲಿದೆ. ಆದರೂ ಸಂದರ್ಶನದಲ್ಲಿ ಕೇಳಿದಾಗ ತೋರಿಸಲು ಕಾಗದವಿದ್ದರೆ ಮಾತು ಬೇಗ ಮುಗಿಯುತ್ತದೆ. ಕೋರ್ಟುಗಳು ಹಳೆಯ ದಾಖಲೆಗಳನ್ನು ಕೆಲವು ವರ್ಷಗಳಾದ ಮೇಲೆ ನಾಶಮಾಡುತ್ತವೆ, ಆಮೇಲೆ ಕೇಳಿದರೆ ಸಿಗದಿರಬಹುದು. ಟಿಕೆಟಿನ ಫೋಟೋ, ರಸೀದಿ, ವಜಾ ಆದೇಶ ಮೂರನ್ನೂ ಒಂದೇ ಕಡೆ ಸ್ಕ್ಯಾನ್ ಮಾಡಿ, ಫೈಲಿಗೆ ಊರು, ಕೋರ್ಟು, ವರ್ಷ ಬರೆದು ಪಾಸ್‌ಪೋರ್ಟ್ ಪ್ರತಿಗಳಿರುವ ಫೋಲ್ಡರಿನಲ್ಲೇ ಇಡಿ.